ಮಜ್ಜೆ ಬರಲಿಲ್ಲ ಅಂದರೆ ಪರೀಕ್ಷೆ ಕೆಟ್ಟಿತು ಅಂತಲ್ಲ: ಹೇರಿ ಸೆಲ್ ಲ್ಯುಕೇಮಿಯಾ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಡಾಕ್ಟರೇ, ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪನಿಗೆ 56 ವರ್ಷ, ಅಡಿಕೆ ತೋಟ ಇದೆ. ಮಳೆಗಾಲದಿಂದ ಸುಸ್ತು, ದರೆ ಹತ್ತಿದರೆ ಏದುಸಿರು. ಪ್ಲೇಟ್‌ಲೆಟ್ 58 ಸಾವಿರಕ್ಕೆ ಇಳಿದಾಗ ಡೆಂಗಿ ಇರಬೇಕು ಅಂದರು. ಅದಲ್ಲ ಅಂತಾದ ಮೇಲೆ ಮಂಗನ ಕಾಯಿಲೆಗೂ ರಕ್ತ ಕಳಿಸಿದರು, ಅದೂ ಅಲ್ಲ. ಎರಡು ತಿಂಗಳಾದರೂ ಪ್ಲೇಟ್‌ಲೆಟ್ ಏರಲಿಲ್ಲ. ಬಿಳಿ ರಕ್ತಕಣ 1,900, ಹಿಮೋಗ್ಲೋಬಿನ್ 8.6. ಸ್ಪ್ಲೀನ್ ದೊಡ್ಡದಾಗಿದೆಯಂತೆ. ಸೊಂಟದ ಮೂಳೆಗೆ ಎರಡು ಸಲ ಸೂಜಿ ಹಾಕಿದರೂ ಮಜ್ಜೆ ಬರಲಿಲ್ಲ. ಆದರೂ ‘ಹೇರಿ ಸೆಲ್ ಲ್ಯುಕೇಮಿಯಾ’ ಅಂತ ರಿಪೋರ್ಟ್ ಕೊಟ್ಟಿದ್ದಾರೆ. ಬಾರದ ಮಜ್ಜೆಯಲ್ಲಿ ಕ್ಯಾನ್ಸರ್ ಹೇಗೆ ಕಂಡಿತು? ಬ್ಲಡ್ ಕ್ಯಾನ್ಸರ್ ಅಂದರೆ ಬಿಳಿ ಕಣ ಲಕ್ಷಗಟ್ಟಲೆ ಏರಬೇಕಲ್ಲವೇ? ತೋಟಕ್ಕೆ ಹೊಡೆಯುವ ಔಷಧಿಯಿಂದ ಬಂತೇ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಅಪ್ಪನಿಗೆ ಹೇಳಿ. ಲ್ಯುಕೇಮಿಯಾ ಎಂಬ ಹೆಸರಿನ ಕಾಯಿಲೆಗಳಲ್ಲಿ ರೋಗಿಯ ಮುಖ ನೋಡಿ ನಾನು ಧೈರ್ಯವಾಗಿ ಮಾತಾಡಬಲ್ಲ ಕೆಲವೇ ಕಾಯಿಲೆಗಳಲ್ಲಿ ಇದೂ ಒಂದು. ಇದು ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುವಂಥದು. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಸರಿಯಾಗಿ ಚಿಕಿತ್ಸೆ ಪಡೆದ ಬಹುಪಾಲು ಜನ ತಮ್ಮ ವಯಸ್ಸಿನ ಇತರರಷ್ಟೇ ಕಾಲ ಬದುಕುತ್ತಾರೆ. ಮುಚ್ಚಿಟ್ಟರೆ ನಾಳೆ ಜ್ವರ ಬಂದಾಗ ಅವರು ‘ಒಂದು ಕ್ರೋಸಿನ್ ಸಾಕು’ ಅಂತ ಮನೆಯಲ್ಲೇ ಮಲಗುತ್ತಾರೆ. ಈ ಕಾಯಿಲೆಯಲ್ಲಿ ನನಗೆ ನಿಜವಾಗಿ ಭಯ ಇರುವುದು ಆ ಜ್ವರದ ಬಗ್ಗೆ. ಅದಕ್ಕೆ ಮುಂದೆ ಬರುತ್ತೇನೆ.

ಬಿಳಿ ಕಣ ಏರಬೇಕಲ್ಲವೇ ಎಂಬ ನಿಮ್ಮ ಅನುಮಾನ ಸಹಜ. ಎಷ್ಟೋ ಲ್ಯುಕೇಮಿಯಾಗಳಲ್ಲಿ ಏರುತ್ತದೆ. ಇಲ್ಲಿ ಸಾಮಾನ್ಯವಾಗಿ ಮೂರೂ ಕಣಗಳು ಇಳಿಯುತ್ತವೆ. ಬಿ ಲಿಂಫೋಸೈಟ್ ಎಂಬ ಒಂದು ಬಗೆಯ ಬಿಳಿ ಕಣ ಕೆಟ್ಟು ಮಜ್ಜೆಯಲ್ಲಿ ಮತ್ತು ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಠಿಕಾಣಿ ಹೂಡುತ್ತದೆ. ಮಜ್ಜೆಯಲ್ಲಿ ಜಾಗ ಹೋದದ್ದರಿಂದ ರಕ್ತ ತಯಾರಿಕೆ ಕಮ್ಮಿ. ಉಬ್ಬಿದ ಗುಲ್ಮ ಇದ್ದಬದ್ದ ಕಣಗಳನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಎರಡೂ ಕಡೆಯಿಂದ ಹೊಡೆತ. ಕುತ್ತಿಗೆ, ಕಂಕುಳಲ್ಲಿ ಗಂಟು ಬರುವುದು ಅಪರೂಪ. ಹಾಗಾಗಿ ಮೈ ಮುಟ್ಟಿ ನೋಡಿದ ವೈದ್ಯರಿಗೂ ಎಡ ಪಕ್ಕೆಲುಬಿನ ಕೆಳಗಿನ ಗುಲ್ಮ ಬಿಟ್ಟರೆ ಬೇರೆ ಸುಳಿವು ಸಿಗುವುದಿಲ್ಲ.

ನಿಮ್ಮೂರಿನ ವೈದ್ಯರು ಡೆಂಗಿ, ಮಂಗನ ಕಾಯಿಲೆ ಅಂತ ಮೊದಲು ನೋಡಿದ್ದು ತಪ್ಪಲ್ಲ. ಮಲೆನಾಡಿನ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ನಾನೂ ಅದನ್ನೇ ಮೊದಲು ನೋಡುತ್ತೇನೆ. ಆದರೆ ಆ ಜ್ವರಗಳಲ್ಲಿ ಇಳಿದ ಕಣಗಳು ಕೆಲವು ವಾರಗಳಲ್ಲಿ ಮೇಲೆ ಬರಬೇಕು. ತಿಂಗಳು ಕಳೆದರೂ ಮೂರೂ ಕಣ ಕೆಳಗೇ ಇದ್ದರೆ ದಾರಿ ಬದಲಿಸಬೇಕು. ಆಗಲೂ ನಮ್ಮ ದೇಶದಲ್ಲಿ ಮೊದಲು ನೋಡಬೇಕಾದ್ದು ವಿಟಮಿನ್ ಬಿ12 ಕೊರತೆ, ಲಿವರ್ ಕಾಯಿಲೆಯಿಂದ ದೊಡ್ಡದಾದ ಗುಲ್ಮ, ಹಳೆಯ ಮಲೇರಿಯಾ, ಟಿಬಿ. ಹೇರಿ ಸೆಲ್ ಸರದಿಯಲ್ಲಿ ಬಹಳ ಹಿಂದೆ ನಿಲ್ಲುತ್ತದೆ. ಒಟ್ಟು ಲ್ಯುಕೇಮಿಯಾಗಳಲ್ಲಿ ಇದರ ಪಾಲು ಶೇ 2ರಷ್ಟು ಮಾತ್ರ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು, ಅದೂ ಐವತ್ತರ ಆಸುಪಾಸಿನಲ್ಲಿ. ನಿಮ್ಮ ತಂದೆ ಆ ಲೆಕ್ಕಕ್ಕೆ ಸರಿಯಾಗಿ ಕೂರುತ್ತಾರೆ.

ರಕ್ತದ ರಿಪೋರ್ಟಿನಲ್ಲಿ ಎಲ್ಲರೂ ದಾಟಿ ಹೋಗುವ ಒಂದು ಸಾಲಿದೆ: ಮೊನೊಸೈಟ್, ಬಿಳಿ ಕಣದ ಇನ್ನೊಂದು ಬಗೆ. ಈ ಕಾಯಿಲೆಯಲ್ಲಿ ಅದು ಹೆಚ್ಚೂಕಮ್ಮಿ ಮಾಯವಾಗಿರುತ್ತದೆ. ಆದರೆ ಕಣ ಎಣಿಸುವ ಯಂತ್ರ ಕೆಲವೊಮ್ಮೆ ಈ ಹೇರಿ ಕಣಗಳನ್ನೇ ಮೊನೊಸೈಟ್ ಅಂತ ಎಣಿಸಿ, ಎಲ್ಲ ಸರಿಯಿದೆ ಎಂಬಂತೆ ಅಚ್ಚು ಹಾಕಿಕೊಡುತ್ತದೆ. ಯಂತ್ರವನ್ನು ನಂಬದೆ ಸ್ಲೈಡನ್ನು ಕಣ್ಣಾರೆ ನೋಡುವ ಪೆಥಾಲಜಿಸ್ಟ್ ಒಬ್ಬರು ಬೇಕು ಅನ್ನುವುದು ಅದಕ್ಕೇ. ಅಂಥವರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಣದ ಅಂಚಿನ ಸುತ್ತ ಸಣ್ಣ ಸಣ್ಣ ಎಳೆಗಳು ಚಾಚಿಕೊಂಡಿರುತ್ತವೆ, ಕಂಬಳಿಹುಳದ ಮೈಯಂತೆ. ಹೆಸರಿನಲ್ಲಿರುವ ‘ಹೇರಿ’ ಅಷ್ಟೇ. ತಲೆಕೂದಲಿಗೂ ಇದಕ್ಕೂ ಸಂಬಂಧವಿಲ್ಲ. (ಪ್ರತಿ ಸಲ ಒಬ್ಬರಾದರೂ ಕೇಳುವುದರಿಂದ ಹೇಳಿದೆ.)

ಇನ್ನು ಬಾರದ ಮಜ್ಜೆಯ ಕಥೆ. ಇದನ್ನು ನಾವು ‘ಡ್ರೈ ಟ್ಯಾಪ್’ ಅನ್ನುತ್ತೇವೆ. ಕೆಟ್ಟ ಕಣಗಳು ಮಜ್ಜೆಯೊಳಗೆ ರೆಟಿಕ್ಯುಲಿನ್ ಎಂಬ ನವಿರಾದ ನಾರಿನ ಬಲೆ ಕಟ್ಟಿಸುತ್ತವೆ. ಸಿರಿಂಜಿನಿಂದ ಎಷ್ಟೇ ಎಳೆದರೂ ಆ ಬಲೆಯಲ್ಲಿ ಸಿಕ್ಕಿದ ಮಜ್ಜೆ ಕದಲುವುದಿಲ್ಲ. ಹಾಗಾಗಿ ಇದರಲ್ಲಿ ವೈದ್ಯರ ಕೈಯ ತಪ್ಪೇನೂ ಇಲ್ಲ, ಬರಲಿಲ್ಲ ಎಂಬುದೇ ಒಂದು ಸುಳಿವು. ನಾನು ಕಲಿಯುತ್ತಿದ್ದಾಗ ಎರಡು ಸಲ ಸೂಜಿ ಹಾಕಿ ಏನೂ ಸಿಗದೆ ಬೆವರುತ್ತಿದ್ದೆ. ಹಿಂದೆ ನಿಂತಿದ್ದ ಹಿರಿಯರು ‘ಬರಲಿಲ್ಲ ಅಂತಲೇ ಬರಿ, ಅದೂ ರಿಪೋರ್ಟೇ’ ಅಂದಿದ್ದರು. ಇಂಥಲ್ಲಿ ಕೆಲಸಕ್ಕೆ ಬರುವುದು ಬಯಾಪ್ಸಿ: ಸ್ವಲ್ಪ ದಪ್ಪ ಸೂಜಿಯಿಂದ ಮೂಳೆಯದೇ ಒಂದು ಸಣ್ಣ ತುಂಡನ್ನು, ಮಜ್ಜೆ ಸಮೇತ, ಕೊರೆದು ತೆಗೆಯುವುದು. ನಿಮ್ಮ ತಂದೆಗೂ ಅದನ್ನು ಮಾಡಿರುತ್ತಾರೆ, ಫೈಲಿನಲ್ಲಿ ನೋಡಿ. ಆ ತುಂಡಿನಲ್ಲಿ ಕಣಗಳು ಒಂದಕ್ಕೊಂದು ಅಂಟದೆ, ನಡುವೆ ದುಂಡನೆಯ ನ್ಯೂಕ್ಲಿಯಸ್, ಸುತ್ತ ತೆರಪು ತೆರಪಾಗಿ ಕಾಣುತ್ತವೆ. ಪುಸ್ತಕಗಳಲ್ಲಿ ಇದಕ್ಕೆ ಕಾವಲಿ ಮೇಲೆ ಒಡೆದ ಮೊಟ್ಟೆಯ ಹೋಲಿಕೆ ಕೊಡುತ್ತಾರೆ. ನಮ್ಮ ಹೋಟೆಲಿನ ಹಾಫ್ ಬಾಯ್ಲ್ ನೆನೆಸಿಕೊಳ್ಳಿ, ಸಾಕು.

ನೋಟ ಎಷ್ಟೇ ಚೆನ್ನಾಗಿದ್ದರೂ ಅದೊಂದರ ಮೇಲೆ ಚಿಕಿತ್ಸೆ ಶುರು ಮಾಡಬಾರದು. ಫೈಲಿನಲ್ಲಿ ಇನ್ನೆರಡು ಕಾಗದ ಇರಬೇಕು. ಒಂದು ಫ್ಲೋ ಸೈಟೋಮೆಟ್ರಿ. ಕಣದ ಮೈಮೇಲಿನ ಗುರುತುಗಳನ್ನು ಓದುವ ಪರೀಕ್ಷೆ ಅದು. ಮಜ್ಜೆ ಬಾರದಿದ್ದರೂ ಕೈಯ ರಕ್ತದಲ್ಲೇ ಹೆಚ್ಚಿನ ಸಲ ಮಾಡಬಹುದು. ಸಿಡಿ 11ಸಿ, ಸಿಡಿ 25, ಸಿಡಿ 103, ಸಿಡಿ 123 ಈ ನಾಲ್ಕೂ ಪಾಸಿಟಿವ್ ಇದ್ದರೆ ಇದು ಅಸಲಿ ಹೇರಿ ಸೆಲ್. ಇನ್ನೊಂದು, ಬಿಆರ್‌ಎಎಫ್ ವಿ600ಇ ಎಂಬ ಜೀನ್ ಬದಲಾವಣೆಯ ಪರೀಕ್ಷೆ. ಇಟಲಿಯ ಪೆರುಜಿಯಾದ ತಿಯಾಚ್ಚಿ, ಫಲಿನಿ ಅವರ ತಂಡ 2011ರಲ್ಲಿ ಪರೀಕ್ಷಿಸಿದ 47 ಹೇರಿ ಸೆಲ್ ರೋಗಿಗಳಲ್ಲಿ 47 ಮಂದಿಗೂ ಅದೇ ಒಂದು ಬದಲಾವಣೆ ಇತ್ತು. ಒಂದು ಕ್ಯಾನ್ಸರಿಗೆ ಒಂದೇ ಬೀಗ ಎಂಬಂಥ ಇಷ್ಟು ಚೊಕ್ಕ ಸಂಗತಿ ನಮ್ಮ ಕ್ಷೇತ್ರದಲ್ಲಿ ಅಪರೂಪ.

ಇಷ್ಟೊಂದು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ‘ಹೇರಿ ಸೆಲ್ ವೇರಿಯಂಟ್’ ಅಂತ ಒಂದು ಇತ್ತು. ನೋಡಲು ಇದರ ತಮ್ಮನಂತೆ. ಆದರೆ ಅದರಲ್ಲಿ ಬಿಳಿ ಕಣ ಏರುತ್ತದೆ, ಸಿಡಿ 25 ಇರುವುದಿಲ್ಲ, ಬಿಆರ್‌ಎಎಫ್ ಬದಲಾವಣೆಯೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಅದರ ಹೆಸರನ್ನೇ ಬದಲಿಸಿ ಬೇರೆ ಮನೆಗೆ ಕಳಿಸಿದೆ. ಹೇರಿ ಸೆಲ್‌ಗೆ ಅದ್ಭುತವಾಗಿ ಕೆಲಸ ಮಾಡುವ ಔಷಧ ಒಂದನ್ನೇ ಕೊಟ್ಟರೆ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಮೊದಲ ಕಾಗದದಲ್ಲೇ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಔಷಧಿ ಸಿಂಪರಣೆಯ ಮಾತು. ಕೃಷಿ ಮತ್ತು ಕೀಟನಾಶಕಗಳ ಒಡನಾಟ ಇರುವವರಲ್ಲಿ ಈ ಕಾಯಿಲೆ ಸ್ವಲ್ಪ ಹೆಚ್ಚು ಎಂದು ಕೆಲವು ಅಧ್ಯಯನಗಳು ತೋರಿಸಿವೆ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸುರಿದ ‘ಏಜೆಂಟ್ ಆರೆಂಜ್’ ಕಳೆನಾಶಕಕ್ಕೆ ಒಡ್ಡಿಕೊಂಡ ತನ್ನ ಮಾಜಿ ಸೈನಿಕರಿಗೆ ಪರಿಹಾರ ಕೊಡುವ ಕಾಯಿಲೆಗಳ ಪಟ್ಟಿಗೆ ಅಲ್ಲಿನ ಸರ್ಕಾರ 2010ರಲ್ಲಿ ಹೇರಿ ಸೆಲ್ ಲ್ಯುಕೇಮಿಯಾವನ್ನೂ ಸೇರಿಸಿತು. ಆದರೆ ಇದು ಗುಂಪಿನ ಲೆಕ್ಕ. ಒಬ್ಬ ರೋಗಿಯ ಕಡೆ ಬೆರಳು ತೋರಿಸಿ ‘ನಿನಗೆ ಇದರಿಂದಲೇ ಬಂತು’ ಅನ್ನುವ ಪರೀಕ್ಷೆ ಯಾವುದೂ ಇಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮೈಲುತುತ್ತ ಮತ್ತು ಸುಣ್ಣದ ದ್ರಾವಣ. ಅದನ್ನು ಈ ಕಳೆನಾಶಕಗಳ ಸಾಲಿಗೆ ಸೇರಿಸಬೇಡಿ. ಅಪ್ಪ ತಮ್ಮನ್ನು ತಾವೇ ದೂಷಿಸಿಕೊಂಡು ಕೂರುವುದಂತೂ ಬೇಡ. ಚಿಕಿತ್ಸೆ ಮುಗಿದು ಬಿಳಿ ಕಣ ಚೇತರಿಸುವ ತನಕ ತೋಟದ ದರಗು, ಗೊಬ್ಬರದ ಗುಂಡಿ, ಅಡಿಕೆ ಸುಲಿಯುವ ಧೂಳು ಇವುಗಳಿಂದ ದೂರ ಇರಲಿ. ಅಲ್ಲಿ ನನಗೆ ಭಯ ಬೂಷ್ಟಿನದು.

ಚಿಕಿತ್ಸೆ ಬೇಕೇ ಎಂದರೆ, ಈ ಅಂಕಿಗಳಿಗೆ ಬೇಕು. ಮುಖ್ಯ ಔಷಧ ಕ್ಲಾಡ್ರಿಬಿನ್. ದಿನಕ್ಕೆ ಎರಡು ಗಂಟೆಯ ಡ್ರಿಪ್‌ನಂತೆ ಐದು ದಿನ, ಇಲ್ಲವೇ ಏಳು ದಿನ ಎಡೆಬಿಡದೆ. ಚರ್ಮದಡಿ ಚುಚ್ಚುವ ಪದ್ಧತಿಯೂ ಇದೆ. ಬಹುತೇಕರಿಗೆ ಒಂದೇ ಸುತ್ತು. ತಿಂಗಳುಗಟ್ಟಲೆ ಕೀಮೋ ಅಲ್ಲ. ಕೂದಲು ಉದುರುವುದೂ ಕಮ್ಮಿ.

ಈ ಔಷಧದ ಹುಟ್ಟಿನ ಕಥೆ ನನಗೆ ಇಷ್ಟ. ಎಡಿಎ ಎಂಬ ಕಿಣ್ವ ಇಲ್ಲದೆ ಹುಟ್ಟಿದ ಮಕ್ಕಳಲ್ಲಿ ಲಿಂಫೋಸೈಟ್‌ಗಳು ಉಳಿಯುವುದೇ ಇಲ್ಲ, ಒಂದು ರಾಸಾಯನಿಕ ಒಳಗೇ ಶೇಖರವಾಗಿ ಸಾಯುತ್ತವೆ. ಆ ದುರಂತವನ್ನು ಗಮನಿಸಿದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಡೆನ್ನಿಸ್ ಕಾರ್ಸನ್ ಮತ್ತು ಅರ್ನೆಸ್ಟ್ ಬಾಯ್ಟ್ಲರ್, ಅದೇ ಸ್ಥಿತಿಯನ್ನು ಕೆಟ್ಟ ಲಿಂಫೋಸೈಟ್‌ನೊಳಗೆ ಬೇಕೆಂದೇ ತರಬಹುದೇ ಎಂದು ಯೋಚಿಸಿದರು. ಲಾರೆನ್ಸ್ ಪಿರೋ ಅವರೊಂದಿಗೆ 1990ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದ್ದದ್ದು ಬರೇ 12 ರೋಗಿಗಳು. ಒಂದೇ ಸುತ್ತಿಗೆ 11 ಮಂದಿಯಲ್ಲಿ ಕಾಯಿಲೆಯ ಕುರುಹೇ ಉಳಿಯಲಿಲ್ಲ. ಮುಂದೆ ಅದೇ ಸಂಸ್ಥೆ 209 ರೋಗಿಗಳನ್ನು ಕನಿಷ್ಠ 7 ವರ್ಷ ಗಮನಿಸಿದಾಗ ಶೇ 95ರಷ್ಟು ಮಂದಿಗೆ ಪೂರ್ತಿ ಇಳಿದಿತ್ತು, ಶೇ 37ರಷ್ಟು ಮಂದಿಗೆ ಮರಳಿತ್ತು. ಎರಡೂ ಅಂಕಿಗಳನ್ನು ಅಪ್ಪನಿಗೆ ಹೇಳಿ. ಮರಳಿದರೆ ಮತ್ತೆ ಚಿಕಿತ್ಸೆ ಇದೆ.

ಶುರು ಮಾಡುವ ಮುನ್ನ ನಾನು ಬಿಡದೆ ನೋಡುವುದು: ಎದೆಯ ಎಕ್ಸ್‌ರೇ ಅಥವಾ ಸಿಟಿ, ಟಿಬಿಯ ಸುಳಿವು, ಹೆಪಟೈಟಿಸ್ ಬಿ, ಕಿಡ್ನಿ. ಒಳಗೆ ಸೋಂಕು ಅಡಗಿರುವಾಗ ಕ್ಲಾಡ್ರಿಬಿನ್ ಕೊಡುವುದು ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆದಿಟ್ಟ ಹಾಗೆ. ಈ ಕಾಯಿಲೆಗೆ ಎರಡು ಮೂರು ವಾರ ಕಾಯುವ ತಾಳ್ಮೆ ಇದೆ, ಸೋಂಕಿಗೆ ಇಲ್ಲ. ಖರ್ಚಿನ ಚಿಂತೆಯಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ತೆಗೆದುಕೊಂಡು ಹೋಗಿ, ಏನೇನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯುವುದಕ್ಕೂ ಸಮಯ ಇದೆ. ಹೋಗುವಾಗ ರಿಪೋರ್ಟ್ ಮಾತ್ರ ಸಾಲದು, ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಕೇಳಿ ಪಡೆದುಕೊಂಡು ಹೋಗಿ.

ಪ್ರಶ್ನೆ: ನನಗೆ 48, ಹುಬ್ಬಳ್ಳಿ. ಆಪರೇಷನ್ನಿಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೇರಿ ಸೆಲ್ ಅಂತ ಗೊತ್ತಾಯಿತು. ಹಿಮೋಗ್ಲೋಬಿನ್ 12, ಪ್ಲೇಟ್‌ಲೆಟ್ 1.3 ಲಕ್ಷ. ‘ಸದ್ಯಕ್ಕೆ ಏನೂ ಬೇಡ, ಮೂರು ತಿಂಗಳಿಗೊಮ್ಮೆ ಬನ್ನಿ’ ಅಂತಾರ. ಕ್ಯಾನ್ಸರ್ ಅಂತ ಗೊತ್ತಾದ ಮ್ಯಾಲೂ ಸುಮ್ಮನ ಕೂಡೋದು ಸರಿ ಏನ್ರಿ?

ಉತ್ತರ: ಸರಿ ಅದ. ಹತ್ತು ರೋಗಿಗಳಲ್ಲಿ ಒಬ್ಬರು ನಿಮ್ಮಂಥವರು. ಹಿಮೋಗ್ಲೋಬಿನ್ 11ರ ಕೆಳಗೆ, ಪ್ಲೇಟ್‌ಲೆಟ್ 1 ಲಕ್ಷದ ಕೆಳಗೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣವಾದ ನ್ಯೂಟ್ರೋಫಿಲ್ 1,000ದ ಕೆಳಗೆ ಹೋದಾಗ, ಗುಲ್ಮ ತೊಂದರೆ ಕೊಟ್ಟಾಗ, ಇಲ್ಲವೇ ಸೋಂಕು ಮೇಲಿಂದ ಮೇಲೆ ಬಂದಾಗ ಚಿಕಿತ್ಸೆ. ಬೇಗ ಕೊಟ್ಟರೆ ಹೆಚ್ಚು ಲಾಭ ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ. ಔಷಧದ ಅಡ್ಡಪರಿಣಾಮ ಮಾತ್ರ ಬೇಗ ಬರುತ್ತದೆ. ಅಂಕಿಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ಒಂದು ಸಲದ ಅಂಕಿಗಿಂತ ಇಳಿಯುತ್ತಿರುವ ದಾರಿ ಮುಖ್ಯ. ಈ ಬಿಡುವಿನಲ್ಲಿ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯದು. ಆಪರೇಷನ್ ಯಾವುದೆಂದು ನೀವು ಬರೆದಿಲ್ಲ. ಸರ್ಜನ್‌ಗೆ ಈ ವಿಷಯ ತಿಳಿಸದೆ ಮಾತ್ರ ಮೇಜು ಹತ್ತಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 61, ಮೈಸೂರು. ಐದು ದಿನ ಕ್ಲಾಡ್ರಿಬಿನ್ ಆಯ್ತು. ಹನ್ನೊಂದನೇ ದಿನ 101 ಜ್ವರ, ಅಡ್ಮಿಟ್ ಮಾಡಿದ್ವಿ. ಬಿಳಿ ಕಣ ಮೊದಲಿಗಿಂತ ಕೆಳಗೆ ಹೋಗಿದೆ. ಯಾವ ಕಲ್ಚರ್‌ನಲ್ಲೂ ಏನೂ ಬಂದಿಲ್ಲ. ಔಷಧವೇ ಕೆಡಿಸಿತಾ? ಮತ್ತೆ ಬೋನ್ ಮ್ಯಾರೋ ನಾಲ್ಕು ತಿಂಗಳ ಮೇಲೆ ಅಂತಾರೆ, ಅಷ್ಟು ತಡ ಯಾಕೆ?

ಉತ್ತರ: ಅಮ್ಮಾ, ಕೆಡಿಸಿಲ್ಲ. ಹತ್ತರಲ್ಲಿ ನಾಲ್ವರಿಗೆ ಈ ಹೊತ್ತಿನಲ್ಲಿ ಇಂಥ ಜ್ವರ ಬರುತ್ತದೆ. ಹೆಚ್ಚಿನವರಲ್ಲಿ ಯಾವ ಕ್ರಿಮಿಯೂ ಸಿಗುವುದಿಲ್ಲ. ಸಾಯುತ್ತಿರುವ ಕಣಗಳು ಬಿಡುವ ರಾಸಾಯನಿಕವೂ ಜ್ವರ ತರಿಸುತ್ತದೆ. ಆದರೆ ಬಂದ ಜ್ವರ ಯಾವುದು ಎಂದು ಮೊದಲ ದಿನ ಯಾರೂ ಹೇಳಲಾರರು. ಅದಕ್ಕೆ ಆಂಟಿಬಯಾಟಿಕ್ ಹಾಕಿಯೇ ಕಾಯುವುದು. ನೀವು ಅಡ್ಮಿಟ್ ಮಾಡಿಸಿದ್ದು ಒಳ್ಳೆಯದೇ ಆಯಿತು. 100.4 ದಾಟಿದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಬೇಕು. ಮೂರು ನಾಲ್ಕು ದಿನಕ್ಕೂ ಇಳಿಯದಿದ್ದರೆ ಎದೆಯ ಸಿಟಿ ಬೇಕು, ಬೂಷ್ಟು ಮತ್ತು ಟಿಬಿಯನ್ನು ಹುಡುಕಬೇಕು.

ಕಣಗಳು ಮೊದಲು ಇನ್ನೂ ಇಳಿದು ಆಮೇಲೆ ಏರುತ್ತವೆ. ಸಾಮಾನ್ಯವಾಗಿ ಪ್ಲೇಟ್‌ಲೆಟ್ ಮೊದಲು, ನಂತರ ನ್ಯೂಟ್ರೋಫಿಲ್, ಕೊನೆಗೆ ಹಿಮೋಗ್ಲೋಬಿನ್. ಈ ಒಂದೆರಡು ತಿಂಗಳು ಎಲ್ಲರ ತಾಳ್ಮೆಯ ಪರೀಕ್ಷೆ. ಮನೆಯವರದೂ ಸೇರಿ.

ಬೋನ್ ಮ್ಯಾರೋ ತಡ ಮಾಡುವುದು ಬೇಕೆಂದೇ. ಈ ಔಷಧ ಕೊಟ್ಟದ್ದು ಐದು ದಿನವಾದರೂ ಕೆಟ್ಟ ಕಣಗಳು ಸಾಯುತ್ತ ಸಾಯುತ್ತ ತಿಂಗಳುಗಳು ಹಿಡಿಯುತ್ತವೆ. ಒಂದು ತಿಂಗಳಿಗೇ ಚುಚ್ಚಿ ನೋಡಿದರೆ ಉಳಿಕೆ ಕಂಡೇ ಕಾಣುತ್ತದೆ. ಅದನ್ನು ನೋಡಿ ಅವಸರದಲ್ಲಿ ಇನ್ನೊಂದು ಸುತ್ತು ಕೊಟ್ಟರೆ ಅನಾಹುತ. ನಾಲ್ಕರಿಂದ ಆರು ತಿಂಗಳು ಸರಿಯಾದ ಅವಧಿ.

ಇನ್ನೆರಡು ಮಾತು, ಯಾಕೆಂದರೆ ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಇದು ಗೊತ್ತಿರುವುದಿಲ್ಲ. ಕ್ಲಾಡ್ರಿಬಿನ್ ಪಡೆದವರಿಗೆ ರಕ್ತ ಅಥವಾ ಪ್ಲೇಟ್‌ಲೆಟ್ ಕೊಡಬೇಕಾದರೆ ‘ಇರ್ರೇಡಿಯೇಟೆಡ್’, ಅಂದರೆ ವಿಕಿರಣ ಹಾಯಿಸಿದ್ದೇ ಆಗಬೇಕು. ಇಲ್ಲದಿದ್ದರೆ ದಾನಿಯ ಲಿಂಫೋಸೈಟ್‌ಗಳು ಇವರ ಮೈಮೇಲೆ ತಿರುಗಿ ಬೀಳುವ ಅಪಾಯ ಇದೆ. ಒಂದು ಚೀಟಿಯಲ್ಲಿ ಬರೆಸಿ ಆಧಾರ್ ಕಾರ್ಡಿನ ಜೊತೆ ಇಟ್ಟುಬಿಡಿ. ಜೀವಂತ ಲಸಿಕೆಗಳು ಅವರಿಗೆ ಬೇಡ. ಸರ್ಪಸುತ್ತು ಮತ್ತು ಒಂದು ಬಗೆಯ ನ್ಯುಮೋನಿಯಾ ತಡೆಯಲು ಎಸೈಕ್ಲೊವಿರ್, ಕೊ-ಟ್ರೈಮೊಕ್ಸಜೋಲ್ ಮಾತ್ರೆ ಬರೆದಿದ್ದರೆ ‘ಈಗ ಚೆನ್ನಾಗಿದ್ದಾರಲ್ಲ’ ಅಂತ ನೀವೇ ನಿಲ್ಲಿಸಬೇಡಿ. ಬಿಳಿ ಕಣದ ಒಟ್ಟು ಸಂಖ್ಯೆ ಸರಿಹೋದ ಮೇಲೂ ಟಿ ಕಣಗಳು (ಲಿಂಫೋಸೈಟ್‌ನ ಇನ್ನೊಂದು ಬಗೆ) ಬಹಳ ಕಾಲ ಸೊರಗಿರುತ್ತವೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಮೂಲ ದಾವಣಗೆರೆ. 2013ರಲ್ಲಿ ಕ್ಲಾಡ್ರಿಬಿನ್ ಆಗಿ ಚೆನ್ನಾಗಿದ್ದೆ. ಈಗ ಮರಳಿದೆ. ಒಬ್ಬರು ಮತ್ತೆ ಅದೇ ಔಷಧದ ಜೊತೆ ರಿಟುಕ್ಸಿಮ್ಯಾಬ್ ಅನ್ನುತ್ತಾರೆ, ಇನ್ನೊಬ್ಬರು ವೆಮುರಾಫೆನಿಬ್ ಮಾತ್ರೆ ಅನ್ನುತ್ತಾರೆ. ಸ್ಪ್ಲೀನ್ ತೆಗೆಸಿಬಿಡು ಅಂತ ನಮ್ಮ ಅಣ್ಣ ಅನ್ನುತ್ತಾನೆ. ಯಾವುದು? ಮಕ್ಕಳಿಗೆ ಬರುವ ಭಯ ಇದೆಯೇ?

ಉತ್ತರ: ಹತ್ತು ವರ್ಷ ದಾಟಿಸಿದ ಔಷಧವನ್ನು ನಾನು ಸುಲಭಕ್ಕೆ ಕೈಬಿಡುವುದಿಲ್ಲ. ಸೋಂಕು ಇಲ್ಲದಿದ್ದರೆ, ಹೆಪಟೈಟಿಸ್ ಬಿ ನೆಗೆಟಿವ್ ಇದ್ದರೆ, ಮೊದಲನೆಯವರ ಮಾತಿಗೇ ನನ್ನ ಮತ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಹೊಸ ರೋಗಿಗಳಿಗೆ ಕ್ಲಾಡ್ರಿಬಿನ್ ಜೊತೆಯಲ್ಲೇ ರಿಟುಕ್ಸಿಮ್ಯಾಬ್ (ಬಿ ಕಣಗಳನ್ನೇ ಹುಡುಕಿ ಹೊಡೆಯುವ ಔಷಧ) ವಾರಕ್ಕೊಂದರಂತೆ 8 ಸಲ ಕೊಟ್ಟಾಗ, ಆರು ತಿಂಗಳಿಗೆ ಮಜ್ಜೆಯಲ್ಲಿ ಅಳೆಯಬಹುದಾದ ಉಳಿಕೆಯೂ ಇಲ್ಲದವರು ಶೇ 97. ಕ್ಲಾಡ್ರಿಬಿನ್ ಒಂದನ್ನೇ ಪಡೆದವರಲ್ಲಿ ಶೇ 24. ನಿಮ್ಮಂತೆ ಮರಳಿದವರಿಗೆ ಅದೇ ಅಂಕಿ ಹಾಗೇ ಅನ್ವಯಿಸುವುದಿಲ್ಲ, ಆದರೆ ಜೋಡಿ ಬಲವಾದದ್ದು.

ಮಾತ್ರೆಯ ಗುಣ ಬೇರೆ. ವೆಮುರಾಫೆನಿಬ್ ನಾನು ಮೇಲೆ ಹೇಳಿದ ಬಿಆರ್‌ಎಎಫ್ ಬೀಗಕ್ಕೇ ಮಾಡಿದ ಕೀಲಿ. ಮಜ್ಜೆಯನ್ನು ಸೊರಗಿಸುವುದಿಲ್ಲ. ಹಾಗಾಗಿ ಸೋಂಕು ಜೋರಾಗಿದ್ದು ಕ್ಲಾಡ್ರಿಬಿನ್ ಕೊಡಲಾಗದವರಿಗೆ, ಬೇಗ ಬೇಗ ಮರಳುವವರಿಗೆ ಅದು ವರ. ಒಂದನ್ನೇ ಕೊಟ್ಟು ನಿಲ್ಲಿಸಿದರೆ ಕಾಯಿಲೆ ಬಹಳ ದಿನ ಸುಮ್ಮನಿರುವುದಿಲ್ಲ. ಪೆರುಜಿಯಾದವರು ಅದಕ್ಕೆ ರಿಟುಕ್ಸಿಮ್ಯಾಬ್ ಜೋಡಿಸಿ 2021ರಲ್ಲಿ 30 ರೋಗಿಗಳ ವರದಿ ಕೊಟ್ಟರು. 26 ಮಂದಿಗೆ ಪೂರ್ತಿ ಇಳಿಯಿತು. ಕೀಲು ನೋವು, ಬಿಸಿಲಿಗೆ ಚರ್ಮ ಸುಡುವುದು, ಚರ್ಮದ ಮೇಲೆ ಗಂಟು ಇವು ಅದರ ಕಾಟ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವವರ ದೇಹದಲ್ಲಿ ಈ ಮಾತ್ರೆಯ ಮಟ್ಟ ಇಳಿದುಹೋಗುತ್ತದೆ, ಊರಲ್ಲಿ ಯಾರಿಗಾದರೂ ಇದೇ ಸಲಹೆ ಕೊಡುವ ಮುನ್ನ ನೆನಪಿರಲಿ. ನಿಮಗೆ ಆ ಮಾತ್ರೆಯನ್ನು ಮೂರನೆಯ ಸುತ್ತಿಗೆ ಉಳಿಸಿಕೊಳ್ಳುವುದು ಜಾಣತನ ಅನ್ನಿಸುತ್ತದೆ. ಮಕ್ಕಳ ವಿಷಯ: ಆ ಜೀನ್ ಬದಲಾವಣೆ ನಿಮ್ಮ ರಕ್ತಕಣದಲ್ಲಿ ನಡುವಯಸ್ಸಿನಲ್ಲಿ ಆದದ್ದು, ಹುಟ್ಟಿನಿಂದ ಬಂದದ್ದಲ್ಲ. ಮಕ್ಕಳನ್ನು ಪರೀಕ್ಷೆಗೆ ಅಲೆಸಬೇಡಿ.

ಸ್ಪ್ಲೀನ್ ತೆಗೆಸುವುದೇ ಒಂದು ಕಾಲದಲ್ಲಿ ಮುಖ್ಯ ಚಿಕಿತ್ಸೆಯಾಗಿತ್ತು, ನಿಮ್ಮ ಅಣ್ಣ ಅದನ್ನು ಎಲ್ಲೋ ಓದಿರಬಹುದು. ಪೆರು ದೇಶದಿಂದ ಬಂದು ಅಮೆರಿಕದ ಒಹಾಯೊದಲ್ಲಿ ನೆಲೆಸಿದ ಡಾ. ಬರ್ತಾ ಬೌರೊಂಕ್ಲ್ 1958ರಲ್ಲಿ ಈ ಕಾಯಿಲೆಯನ್ನು ಬೇರೆಯೇ ಎಂದು ಗುರುತಿಸಿದಾಗ ಕೈಯಲ್ಲಿದ್ದದ್ದು ಅಷ್ಟೇ. ಈಗ ಅದರ ಅಗತ್ಯ ಬೀಳುವುದು ತೀರಾ ಅಪರೂಪ.

ಪ್ರಶ್ನೆ: ಅಮ್ಮನಿಗೆ ಹೇರಿ ಸೆಲ್, ನ್ಯೂಟ್ರೋಫಿಲ್ 500ರ ಕೆಳಗಿದೆ. ಪ್ಲೇಟ್‌ಲೆಟ್ ಏರಲು ದಿನಾ ಪಪ್ಪಾಯಿ ಎಲೆ ರಸ ಕೊಡ್ತಾ ಇದ್ದೇವೆ. ಮುಂದುವರಿಸಬಹುದಾ?

ಉತ್ತರ: ನಿಲ್ಲಿಸಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಹೇಗೂ ತಾನಾಗಿ ಏರುತ್ತದೆ, ಹೆಸರು ಎಲೆಗೆ ಹೋಗುತ್ತದೆ. ಇಲ್ಲಿ ಮಜ್ಜೆಯಲ್ಲೇ ಜಾಗ ಇಲ್ಲ. ನ್ಯೂಟ್ರೋಫಿಲ್ 500ರ ಕೆಳಗಿರುವವರಿಗೆ ಹಸಿ ಎಲೆ ಅರೆದು ಹಿಂಡಿದ ರಸ, ಅದೂ ಕುದಿಸದೆ ಕೊಡುವುದು ನನಗಂತೂ ಎದೆ ನಡುಗಿಸುವ ಸಂಗತಿ. ಅಮ್ಮನಿಗೆ ಈಗ ಬಿಸಿಬಿಸಿಯಾಗಿ ಬೇಯಿಸಿದ ಊಟ, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ಸಾಕು. ಪಪ್ಪಾಯಿ ಹಣ್ಣನ್ನೂ ತೊಳೆದು, ಸಿಪ್ಪೆ ತೆಗೆದು ಕೊಡಿ, ಅದಕ್ಕೆ ನನ್ನ ತಕರಾರಿಲ್ಲ.